ಕಾರ್ಲೆಯ ಬಡಗಿ ಸಾಮಿ ಮತ್ತು ಒಂದು ಹಳೇ ತೊಲೆ

ಮಹಾರಾಷ್ಟ್ರದ ಲೋಣಾವಳ ಹತ್ತಿರದ ಕಾರ್ಲೆ ಗುಹೆಗಳನ್ನು ನಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅಲ್ಲಿನ ಮಹಾಚೈತ್ಯದ ಮುಂಭಾಗದಲ್ಲಿ, ಬಾಗಿಲ ಬಳಿ ಒಂದು ಪುಟ್ಟ ಬ್ರಾಹ್ಮಿ ಶಾಸನ ಇದೆ. ಭಾಷೆ ಪ್ರಾಕೃತ. ಧೇನುಕಾಕಟದ ವಡ್ಢಕಿ ಸಾಮಿ, ವೇಣುವಾಸನ ಮಗ, ಈ ಮನೆಯ ಮುಖವನ್ನು ಮಾಡಿದ ಅನ್ನುವುದಷ್ಟೇ ಅದರ ಸಾರಾಂಶ. ಮನೆಯ ಮುಖ ಅಂದರೆ ಬಾಗಿಲು. ವಯಸ್ಸು ಹೆಚ್ಚುಕಡಿಮೆ 2000 ವರ್ಷ.

ವಡ್ಢಕಿ ಅಂದರೆ ಸಂಸ್ಕೃತದ ವರ್ಧಕಿ. ನಮ್ಮ 'ಬಡಗಿ'ಯೂ ಇದೇ ಮೂಲದ್ದು. ಹಾಗಾದರೆ ಬೆಟ್ಟ ಕೊರೆದು ಮಾಡಿದ ಕಲ್ಲಿನ ಗುಹೆಯಲ್ಲಿ ಮರಗೆಲಸದವನಿಗೆ ಏನು ಕೆಲಸ? ಈ ಪ್ರಶ್ನೆ ಬಂದಾಗಲೆಲ್ಲ 'ಇಲ್ಲಿ ಬಡಗಿ ಅಂದರೆ ಕಲ್ಲುಕುಟಿಗ ಅಂತಲೇ ಓದಿಕೊಳ್ಳಿ' ಎಂಬ ಉತ್ತರ ಸಿಗುತ್ತೆ. ನನಗೆ ಅದು ಯಾಕೋ ಒಪ್ಪಿಗೆಯಾಗಿರಲಿಲ್ಲ. ಶಾಸನ ಬರೆಸಿದವನು ತನ್ನ ಕಸುಬನ್ನು ಸ್ಪಷ್ಟವಾಗಿ ಹೇಳಿಕೊಂಡಿರುವಾಗ ನಾವ್ಯಾಕೆ ಅದನ್ನು ಬದಲಾಯಿಸಬೇಕು?

ಕಳೆದ ತಿಂಗಳು ಬೆಂಗಳೂರಿನಲ್ಲಿ ಮರಗೆಲಸದ ಕೈ ಉಪಕರಣಗಳ ಒಂದು ಪ್ರಾತ್ಯಕ್ಷಿಕೆಗೆ ಹೋಗಿದ್ದೆ. ಶಾಸನದವರಿಗೆ ಅಲ್ಲೇನು ಅಂತ ಗೆಳೆಯರು ನಕ್ಕರು. ಹೋಗಿದ್ದು ಈ ಸಾಮಿಯ ಸಲುವಾಗಿಯೇ.

ಒಂದು ಕಡೆ ಇಂಗ್ಲಿಷ್ ಮಾದರಿಯ ಕಬ್ಬಿಣದ ತೋಪಡಗಳು, ಇನ್ನೊಂದು ಕಡೆ ಜಪಾನಿನ ಗರಗಸಗಳು. ಯುರೋಪಿನ ಗರಗಸ ತಳ್ಳಿದಾಗ ಕೊಯ್ಯುತ್ತೆ, ಜಪಾನಿನದು ಎಳೆದಾಗ. ಎಳೆದು ಕೊಯ್ಯುವುದಕ್ಕೆ ತೆಳ್ಳನೆ ತಗಡು ಸಾಕು, ಬಾಗುವ ಭಯವಿಲ್ಲ. ಹೊಸಬರು ಇದನ್ನೆಲ್ಲ ಬೆರಗಿನಿಂದ ನೋಡುತ್ತಿದ್ದರು. ನಾನು ಬಹಳ ಹೊತ್ತು ಕೂತಿದ್ದು ಮೂಲೆಯಲ್ಲಿ ಚಾಪೆ ಹಾಸಿಕೊಂಡಿದ್ದ ಹಿರಿಯ ಆಚಾರ್ರ ಮುಂದೆ. ಬಾಚಿ, ನಾಲ್ಕಾರು ಉಳಿ, ಕೊಡತಿ, ಬೈರಿಗೆ, ಮೂಲೆಮಟ್ಟ, ಒಂದು ದಾರದ ಉಂಡೆ. ಅವರ ಅಂಗಡಿ ಅಷ್ಟೇ. ಮೇಜಿಲ್ಲ, ಹಿಡಿಕೆಯಿಲ್ಲ, ಹಲಗೆಯನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು ಕೆಲಸ.

ಅವರು ಮೊದಲು ಮುಟ್ಟಿದ್ದು ಉಳಿಯನ್ನಲ್ಲ, ದಾರವನ್ನು. ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಎರಡು ತುದಿ ಬಿಗಿಯಾಗಿ ಹಿಡಿಸಿ, ನಡುವೆ ಎತ್ತಿ ಬಿಟ್ಟರು. ಟಪ್ಪಂತ ಒಂದು ಕೆಂಪು ಗೀಟು. ದಿಮ್ಮಿ ಎಷ್ಟೇ ಡೊಂಕಿರಲಿ, ಗೀಟು ನೆಟ್ಟಗೆ. "ಇದು ಸರಿ ಬಿದ್ರೆ ಅರ್ಧ ಕೆಲಸ ಆದಂಗೆ ಸಾರ್, ಮಿಕ್ಕಿದ್ದು ಬರೀ ಕಡಿಯೋದು" ಅಂದರು.

ನನಗೆ ತಕ್ಷಣ ನೆನಪಾದದ್ದು ಪಟ್ಟದಕಲ್ಲು. 2ನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಇಬ್ಬರು ಆಚಾರಿಗಳ ಹೆಸರಿದೆ. ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ತೆಂಕಣ ದಿಕ್ಕಿನ ಸೂತ್ರಧಾರಿ. ಸೂತ್ರಧಾರಿ ಅಂದರೆ ದಾರ ಹಿಡಿದವನು! 8ನೇ ಶತಮಾನದ ಈ ಬಿರುದನ್ನು ನಾವು 'ಮುಖ್ಯ ವಾಸ್ತುಶಿಲ್ಪಿ' ಅಂತ ಅನುವಾದಿಸಿ ಮುಂದೆ ಹೋಗುತ್ತೇವೆ. ಕೈಯಲ್ಲಿನ ದಾರ ಅಲ್ಲೇ ಬಿದ್ದುಹೋಗುತ್ತೆ.

ಇನ್ನೂ ಒಂದು ಸಂಗತಿ. ಸರ್ವಸಿದ್ಧಿ ಆಚಾರಿಯ ಪರಿಣತಿಯನ್ನು ಹೊಗಳುವಾಗ ಶಾಸನ ವಾಸ್ತು, ಪ್ರಾಸಾದದ ಜೊತೆಗೇ ಯಾನ, ಆಸನ, ಶಯನಗಳನ್ನೂ ಹೇಳುತ್ತದೆ. ಯಾನ ಅಂದರೆ ಬಂಡಿ, ಪಲ್ಲಕ್ಕಿ. ಆಸನ ಅಂದರೆ ಪೀಠ. ಶಯನ ಅಂದರೆ ಮಂಚ. ಇವನ್ನೆಲ್ಲ ಕಲ್ಲಲ್ಲಿ ಮಾಡಿ ಯಾರೂ ಹೊರುವುದಿಲ್ಲವಲ್ಲ. ಕಲ್ಲಿನ ಗುಡಿ ಕಟ್ಟಿದವನೇ ಮರದ ಮಂಚದಲ್ಲೂ ನಿಸ್ಸೀಮ ಎಂದು ಆ ಕಾಲದವರೇ ಹೇಳಿದ್ದಾರೆ. ಮರದವನು, ಕಲ್ಲಿನವನು ಎಂದು ಗೋಡೆ ಎಬ್ಬಿಸಿದ್ದು ನಾವು.

ಆಚಾರ್ರ ಬಳಿ ಬಳಪದ ಕಲ್ಲಿನ ತುಂಡೂ ಇತ್ತು. ಮರ ಕೆತ್ತಿದ ಉಳಿಯಲ್ಲೇ ಅದರ ಮೇಲೆ ಒಂದು ಹೂವಿನ ಎಸಳು ಬಿಡಿಸಿ ತೋರಿಸಿದರು. ಹೊಯ್ಸಳರ ಶಿಲ್ಪಿಗಳಿಗೆ ಆಭರಣದಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಇಂಥ ಮೆದು ಕಲ್ಲಿನಿಂದಲೇ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಮೇಲೆ ಬರಬರುತ್ತಾ ಗಟ್ಟಿ. ಬೇಲೂರಿನಲ್ಲಿ ಹೆಸರು ಕೆತ್ತಿಟ್ಟಿರುವ ಬಳ್ಳಿಗಾವೆಯ ದಾಸೋಜನಿಗೆ ಈ ಅನುಕೂಲ ಇತ್ತು.

ಕಾರ್ಲೆಯ ಸಾಮಿಗೆ ಇರಲಿಲ್ಲ. ಸಹ್ಯಾದ್ರಿಯ ಕರಿಕಲ್ಲಿಗೆ ಬಾಚಿ ಹಾಕಿದರೆ ಬಾಚಿಯೇ ಹೋಗುತ್ತೆ. ಅಲ್ಲಿ ಮೊನೆಯುಳಿ, ಸುತ್ತಿಗೆ ಬೇಕು. ಆದರೆ ಕಾರ್ಲೆಯಲ್ಲಿ ತಲೆ ಎತ್ತಿ ನೋಡಿ. ಕಮಾನು ಚಾವಣಿಯಲ್ಲಿ ಮರದ ಪಕ್ಕೆಗಳು ಇಂದಿಗೂ ಇವೆ, ಸ್ತೂಪದ ಮೇಲಿನ ಕೊಡೆಯೂ ಮರದ್ದು. ಮುಂಭಾಗದ ಕಲ್ಲಿನಲ್ಲಿ ತೊಲೆ ಕೂರಿಸುವ ಗೂಡುಗಳಿವೆ, ಅಂದರೆ ಹೊರಗೂ ಮರದ ಕಟ್ಟಣೆ ಇತ್ತು. ಬಾಗಿಲಿನ ಸುತ್ತಲ ಕಲ್ಲಿನ ಅಲಂಕಾರವಂತೂ ಮರದ ಜಂತಿ, ಜಾಲರಿಗಳ ಪಡಿಯಚ್ಚು. ಇಂಥ ಕಡೆ ಗೀಟು ಹಾಕಿ ಅಳತೆ ಕೊಡಲು, ಮರ ಜೋಡಿಸಲು ಬಡಗಿಯೇ ಬೇಕು. ಸಾಮಿ ನಿಜವಾಗಿಯೂ ಬಡಗಿಯೇ ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ ಈ ಚೈತ್ಯವನ್ನು ಪೂರ್ತಿ ಮಾಡಿಸಿದ್ದು ವೈಜಯಂತಿಯ, ಅಂದರೆ ನಮ್ಮ ಬನವಾಸಿಯ, ಭೂತಪಾಲ ಶೆಟ್ಟಿ. ಜಂಬೂದ್ವೀಪದಲ್ಲೇ ಇದು ಶ್ರೇಷ್ಠ ಅಂತ ಶಾಸನದಲ್ಲಿ ಹೇಳಿಸಿಕೊಂಡಿದ್ದಾನೆ. ಹಣ ಕೊಟ್ಟವನ ಜೊತೆ ಬಾಗಿಲು ಮಾಡಿದವನ ಹೆಸರೂ ಉಳಿದದ್ದು ನಮ್ಮ ಪುಣ್ಯ.

ಪ್ರಾತ್ಯಕ್ಷಿಕೆಯ ಕೊನೆಗೆ ಒಂದು ಹಳೇ ತೊಲೆ ತಂದರು. ಯಾವುದೋ ಕೆಡವಿದ ಮನೆಯದ್ದು, ಸಾಗುವಾನಿ, ಮೇಲೆ ಹೊಗೆ ಹಿಡಿದ ಕಪ್ಪು. ಹುಡುಗನೊಬ್ಬ ತೋಪಡ ಹಿಡಿದು ಆ ಕಪ್ಪು ತೆಗೆಯಲು ಸಿದ್ಧನಾದ. ಬೆಳಕು ಓರೆಯಾಗಿ ಬಿದ್ದಾಗ ಒಂದು ಮಗ್ಗುಲಲ್ಲಿ ಅಕ್ಷರ ಕಂಡಂತಾಯ್ತು. "ಒಂದು ನಿಮಿಷ ತಡಿಯಪ್ಪಾ" ಅಂದೆ. ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದರೆ 'ಶ್ರೀಮುಖ ಸಂ' ಅಂತ ಸ್ಪಷ್ಟವಾಗಿ ಬಂತು. ತುದಿಯಲ್ಲಿ ಮೂರು ಕಚ್ಚು ಗುರುತು ಬೇರೆ.

ಕಚ್ಚು ಏನೆಂದು ಆಚಾರ್ರೇ ಹೇಳಿದರು. "ಮೂರನೇ ಅಂಕಣದ ತೊಲೆ ಅಂತ ಸಾರ್. ಕೆಳಗೆ ಜೋಡಿಸಿ ನೋಡಿ, ಬಿಚ್ಚಿ ಮೇಲೆ ಹತ್ತಿಸ್ತಿದ್ರು. ಗುರುತಿಲ್ದಿದ್ರೆ ಅದಲುಬದಲಾಗೋಗುತ್ತೆ." ಶ್ರೀಮುಖ 60 ವರ್ಷಕ್ಕೊಮ್ಮೆ ಬರುವ ಸಂವತ್ಸರ: 1873-74 ಅಥವಾ 1933-34. ಗರಗಸದ ಗೀರುಗಳು ಒಂದೊಂದೂ ಒಂದೊಂದು ಓರೆಯಲ್ಲಿದ್ದವು, ಕೈಗರಗಸದ ಲಕ್ಷಣ. ಆದರೆ ಕೈಯಲ್ಲಿ ಕೊಯ್ಯುವುದು 1933ರಲ್ಲೂ ನಿಂತಿರಲಿಲ್ಲವಾದ್ದರಿಂದ ಅದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಮನೆಯ ಹಕ್ಕುಪತ್ರ ಜೊತೆಗಿದ್ದರೆ ಒಂದೇ ನಿಮಿಷದ ಮಾತಾಗಿತ್ತು. ತೊಲೆ ಮನೆಯಿಂದ ಬೇರೆಯಾದ ದಿನವೇ ಆ ದಾರಿ ಮುಚ್ಚಿತು. ಹುಡುಗ ಆ ಮಗ್ಗುಲು ಬಿಟ್ಟು ಉಳಿದ ಮೂರಕ್ಕೆ ತೋಪಡ ಹಾಕಿದ.

ಮರದ ಮೇಲಿನ ಬರಹ ಅಪರೂಪ ಅನ್ನುವುದಕ್ಕೆ ಮರ ಉಳಿಯುವುದಿಲ್ಲ ಅನ್ನುವುದೊಂದೇ ಕಾರಣವಲ್ಲ, ನಾವು ನೋಡುವುದೂ ಇಲ್ಲ. ಭಾಜಾ ಚೈತ್ಯದ ಮರದ ಪಕ್ಕೆಗಳ ಮೇಲೆ ಎರಡು ಕಿರು ಬ್ರಾಹ್ಮಿ ಬರಹಗಳಿವೆ. ಎಷ್ಟೋ ಕಾಲ ಅದರ ಕೆಳಗೇ ಓಡಾಡಿದವರಿಗೆ ಕಂಡಿರಲಿಲ್ಲ. ಛತ್ತೀಸಗಢದ ಕಿರಾರಿಯಲ್ಲಿ ಕಳೆದ ಶತಮಾನದ 20ರ ದಶಕದಲ್ಲಿ ಕೆರೆ ಬತ್ತಿದಾಗ ಸುಮಾರು 1800 ವರ್ಷ ಹಳೆಯ ಮರದ ಕಂಬ ಸಿಕ್ಕಿತು. ಮೈತುಂಬ ಬ್ರಾಹ್ಮಿ ಅಕ್ಷರ, ಅಧಿಕಾರಿಗಳ ಹೆಸರು, ಹುದ್ದೆಗಳು. ನೀರಿನಿಂದ ಮೇಲೆ ಬಂದು ಬಿಸಿಲಿಗೆ ಒಣಗುತ್ತಿದ್ದಂತೆ ಚಕ್ಕೆ ಎದ್ದು ಅಕ್ಷರಗಳು ಉದುರತೊಡಗಿದವು. ಊರಿನ ಪಂಡಿತರೊಬ್ಬರು ಕೂತು ಕಂಡಷ್ಟನ್ನು ಕಾಗದಕ್ಕೆ ಇಳಿಸಿಕೊಂಡರು. ಮುಂದೆ ವಿದ್ವಾಂಸರು ಆ ಶಾಸನ ಓದಲು ಬಹುಮಟ್ಟಿಗೆ ನೆಚ್ಚಿಕೊಂಡದ್ದು ಆ ಪ್ರತಿಯನ್ನೇ.

ಹಾಗಾಗಿ ಈ ಬ್ಲಾಗಿನ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಲ್ಲಿ ಹಳೇ ತೊಟ್ಟಿಮನೆ ಕೆಡವುತ್ತಿದ್ದರೆ ಬಾಗಿಲುವಾಡ, ತೊಲೆ, ಕಂಬದ ಬೋದಿಗೆಗಳನ್ನು ಒಮ್ಮೆ ನೋಡಿ. ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ಷು ಬೇಡವೇ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು, ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಯಾವ ಮನೆ, ಯಾವ ಅಂಕಣ ಅನ್ನುವುದನ್ನು ಅಲ್ಲೇ ನಿಂತು ಬರೆದುಕೊಳ್ಳಿ, ಮರದ ವ್ಯಾಪಾರಿಯ ಲಾರಿ ಬರುವುದಕ್ಕೆ ಮೊದಲು.