ನಾಡಿನ ಹೆಸರು ಹೊತ್ತ ಕಂಠ: ಅಮೀರಬಾಯಿ ಕರ್ನಾಟಕಿ

ಕಲಾವಿದರು ತಮ್ಮ ಹೆಸರಿನೊಡನೆ ಊರಿನ ಹೆಸರನ್ನೂ ಒಯ್ಯುವುದು ನಮ್ಮ ಭಾಗದ ಹಳೆಯ ಪದ್ಧತಿ. ಗಂಗೂಬಾಯಿಯವರಿಂದ ಹಾನಗಲ್ಲು, ‘ಮಾಣೂಸ್’ (1939) ಚಿತ್ರದ ನಾಯಕಿ ಶಾಂತಾ ಹುಬಳೀಕರರಿಂದ ಹುಬ್ಬಳ್ಳಿ, ರಂಗಭೂಮಿಯ ಬಾಳಪ್ಪನವರಿಂದ ನಮ್ಮ ಸವದತ್ತಿ ತಾಲ್ಲೂಕಿನ ಏಣಗಿ ಪ್ರಖ್ಯಾತವಾದವು. ಆದರೆ ಬೀಳಗಿಯ ಅಮೀರಬಾಯಿಯವರು ಊರನ್ನು ಬಿಟ್ಟು ನಾಡಿನ ಹೆಸರನ್ನೇ ಧರಿಸಿದರು. 1934ರಲ್ಲಿ ‘ವಿಷ್ಣುಭಕ್ತಿ’ಯ ಮೂಲಕ ಅವರು ಹಿಂದಿ ಚಿತ್ರರಂಗವನ್ನು ಪ್ರವೇಶಿಸಿದಾಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಏಕೀಕರಣವಾದದ್ದು 1956ರಲ್ಲಿ; ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಬಳಿಕ!

ಬೈಲಹೊಂಗಲದಿಂದ ರಾಮದುರ್ಗ, ಲೋಕಾಪುರಗಳನ್ನು ದಾಟಿ ಮುಂದೆ ಸಾಗಿದರೆ ಬೀಳಗಿಯ ಸೀಮೆ. ಆಗ ಅದು ವಿಜಾಪುರ ಜಿಲ್ಲೆಗೆ ಸೇರಿತ್ತು. ರಾಮದುರ್ಗವು ಪ್ರತ್ಯೇಕ ಸಂಸ್ಥಾನವಾಗಿದ್ದರೂ ಸುತ್ತಲಿನ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತದವು. ಆದ್ದರಿಂದ ನಮ್ಮವರಿಗೆ ಕಚೇರಿಯ ಕೆಲಸಕ್ಕೂ ಕಲೆಯ ಕೀರ್ತಿಗೂ ದಾರಿ ತೆರೆದದ್ದು ಪುಣೆ, ಮುಂಬಯಿಗಳ ಕಡೆಗೆ. ಬೆಂಗಳೂರು ಆಗ ಪರರಾಜ್ಯ. ಹಾಡು, ನಾಟಕಗಳೇ ಬದುಕಾಗಿದ್ದ ಮುಸ್ಲಿಂ ಕುಟುಂಬವೊಂದರಿಂದ ಹೊರಟ ಅಮೀರಬಾಯಿ, ಗೋಹರಬಾಯಿ ಸೋದರಿಯರು ಹಿಡಿದದ್ದೂ ಅದೇ ದಾರಿಯನ್ನು. ಗೋಹರಬಾಯಿಯವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ನಾಯಕಿಯಾಗಿ ನಟಿಸಿ, ಮುಂದೆ ಅವರ ಮಡದಿಯೂ ಆದರು.

ಅಮೀರಬಾಯಿಯವರನ್ನು ದೇಶದ ಮನೆಮಾತಾಗಿಸಿದ್ದು 1943ರ ‘ಕಿಸ್ಮತ್’. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಸಾಹಿತ್ಯ ಪ್ರದೀಪರದು, ಸಂಗೀತ ಅನಿಲ್ ಬಿಸ್ವಾಸರದು. ತೆರೆಯ ಮೇಲೆ ಮುಮ್ತಾಜ್ ಶಾಂತಿ, ತೆರೆಯ ಹಿಂದೆ ನಮ್ಮ ಬೀಳಗಿಯ ಕಂಠ. ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ಆರು ತಿಂಗಳೂ ಕಳೆದಿರಲಿಲ್ಲ. ಪರಕೀಯರಿಗೆ ದೂರ ಸರಿಯಿರೆಂದು ಹೇಳುವ ಹಾಡೊಂದು ಆ ಚಿತ್ರದಲ್ಲಿದೆ; ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ಕವಿ ಜಾಣತನದಿಂದ ಅದರಲ್ಲಿ ಜರ್ಮನ್, ಜಪಾನಿಯರ ಹೆಸರು ಸೇರಿಸಿದ್ದರು. ಸೆನ್ಸಾರಿನವರು ಒಪ್ಪಿಗೆಯ ಮುದ್ರೆ ಒತ್ತಿದರು. ಪ್ರೇಕ್ಷಕರಿಗೆ ಮಾತ್ರ ಬಾಣದ ಗುರಿ ತಿಳಿಯಿತು. 1824ರಲ್ಲಿ ಕಿತ್ತೂರು ಕೊಟ್ಟ ಉತ್ತರವನ್ನು ಬಲ್ಲ ನಮಗೆ ಆ ಗುರಿಯನ್ನು ವಿವರಿಸಬೇಕಿಲ್ಲ.

ಮರುವರ್ಷ ನೌಷಾದರ ‘ರತನ್’, 1946ರಲ್ಲಿ ಗುಜರಾತಿಯ ‘ರಾಣಕದೇವಿ’. 1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಿಸಿದರು. ಮಹಿಳಾ ಸಂಗೀತ ನಿರ್ದೇಶಕರನ್ನು ಒಂದು ಕೈಬೆರಳಿನಲ್ಲಿ ಎಣಿಸಬಹುದಾಗಿದ್ದ ಕಾಲವದು. ಅವರ ಗಾಯನಕ್ಕಿಂತಲೂ ಈ ಸಾಹಸವೇ ನನಗೆ ಹೆಚ್ಚಿನದೆನಿಸುತ್ತದೆ.

ಕೀರ್ತಿಯ ಬೆನ್ನಿಗೇ ಸಂಕಟವೂ ಇತ್ತು. ಮೊದಲ ದಾಂಪತ್ಯವು ದುಃಖದಲ್ಲಿ ಮುರಿಯಿತು. 1949ರ ‘ಮಹಲ್’ ಚಿತ್ರದ ಬಳಿಕ ಲತಾ ಮಂಗೇಶ್ಕರರ ತೆಳುದನಿ ಜನರ ಕಿವಿಯನ್ನು ಗೆದ್ದಿತು. ನಾಟಕದ ಬಯಲಿಗೆ ಹದಗೊಂಡ ತುಂಬುಕಂಠಗಳು ಹಿಂದೆ ಸರಿದವು. ಅಮೀರಬಾಯಿಯವರು ಪೋಷಕ ಪಾತ್ರಗಳಲ್ಲಿ ನಟಿಸುತ್ತ ಉಳಿದರು. ದುಡಿದ ಹಣದಲ್ಲಿ ವಿಜಾಪುರದಲ್ಲಿ ‘ಅಮೀರ್ ಟಾಕೀಸ್’ ಕಟ್ಟಿಸಿದ್ದರು. 1965ರ ಮಾರ್ಚ್ 3ರಂದು ಅವರು ನಿಧನರಾದರು.

ಇಂಥವರನ್ನು ನಾವು ಏಕೆ ಮರೆತೆವು? ಹಾಡಿದ್ದು ಬಹುಪಾಲು ಹಿಂದಿಯಲ್ಲಿ ಎಂಬುದು ಸುಲಭದ ಉತ್ತರ. ಹಿಂದಿಯಲ್ಲಿ ಹಾಡಿದ ಗಂಡಸರನ್ನು ನಾವು ಪಂಡಿತರೆಂದು ಮೆರೆಸಿಲ್ಲವೇ? ಹಾಡುವ, ಕುಣಿಯುವ ಮನೆತನದ ಹೆಣ್ಣು ಎಂದೊಡನೆ ನಮ್ಮ ಮರ್ಯಾದಸ್ಥ ಸಮಾಜ ಮುಖ ತಿರುಗಿಸಿತು. ಅವರ ಹಾಡನ್ನು ಗ್ರಾಮಫೋನಿನಲ್ಲಿ ಕೇಳಿ, ಹೆಸರನ್ನು ಅಂಗಳದಲ್ಲಿಯೇ ನಿಲ್ಲಿಸಿತು. ಡಾ. ರಹಮತ್ ತರೀಕೆರೆಯವರು ಶ್ರಮವಹಿಸಿ ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದದ್ದರಿಂದ ನಮ್ಮ ಮಾನ ಕೊಂಚ ಉಳಿದಿದೆ.

ದೂರದೇಶಗಳಲ್ಲಿರುವ ನನ್ನ ಶಿಷ್ಯರು ಅಂತರ್ಜಾಲದಲ್ಲಿ ‘ಕಿಸ್ಮತ್’ ಹುಡುಕಿ ನೋಡಬೇಕು. ಅದರಲ್ಲಿ ಮೋಡವನ್ನು ಕುರಿತ ಮೆಲುದನಿಯ ಗೀತೆಯೊಂದಿದೆ. ಮನೆಯ ಮಕ್ಕಳಿಗೂ ಅದನ್ನು ಕೇಳಿಸಿ, ಹಾಡಿದವರ ಊರು ಬೀಳಗಿ ಎಂದು ತಿಳಿಸಿರಿ.