ಕಾಮಿಕ್ಸ್‌ನ ಅಭಿಮಾನಿ ವಿಮರ್ಶೆ: ಚಿತ್ರವನ್ನು ಬಿಟ್ಟು ಓದುವ ಕ್ರಮ

ಜೆರ್ರಿ ಬೇಲ್ಸ್ 1961ರಲ್ಲಿ ‘ಆಲ್ಟರ್ ಈಗೋ’ ಎಂಬ ಅಭಿಮಾನಿ ಪತ್ರಿಕೆಯನ್ನು, ಅಂದರೆ ಓದುಗರೇ ಓದುಗರಿಗಾಗಿ ಹೊರತರುವ ಪತ್ರಿಕೆಯನ್ನು, ಆರಂಭಿಸಿದ ಕಾಲದಿಂದ ಅಮೆರಿಕದ ಕಾಮಿಕ್ಸ್ ಚರ್ಚೆಯ ದೊಡ್ಡ ಪಾಲನ್ನು ಅಭಿಮಾನಿಗಳೇ ಹೊತ್ತಿದ್ದಾರೆ. ಮಾಹಿತಿ ಸಂಗ್ರಹದಲ್ಲಿ ಅವರ ಶ್ರದ್ಧೆ ಪ್ರಶ್ನಾತೀತವಾದರೂ, ಕಥಾಸಾರವನ್ನು ವಿಸ್ತಾರವಾಗಿ ನಿರೂಪಿಸಿ ಚಿತ್ರಗಳನ್ನು ‘ಸೊಗಸಾಗಿವೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ರೂಢಿ ಈ ವಿಮರ್ಶೆಗಳ ಮೂಲಭೂತ ಕೊರತೆಯಾಗಿ ಉಳಿದಿದೆ.

ಕಾಮಿಕ್ಸ್‌ನಲ್ಲಿ ಕಥೆ ಹೇಳುವ ಮುಖ್ಯ ಹೊಣೆ ಚಿತ್ರದ್ದೇ. ಸ್ಕಾಟ್ ಮೆಕ್‌ಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ ವಿವರಿಸಿದಂತೆ, ಎರಡು ಚೌಕಟ್ಟುಗಳ ನಡುವಿನ ಖಾಲಿ ಪಟ್ಟಿಯಲ್ಲಿ ನಡೆದಿರಬಹುದಾದುದನ್ನು ಓದುಗ ತನ್ನ ಊಹೆಯಿಂದ ತುಂಬಿಕೊಳ್ಳುತ್ತಾನೆ, ಹೀಗಾಗಿ ಚೌಕಟ್ಟುಗಳ ಅಳತೆ ಮತ್ತು ಅನುಕ್ರಮಗಳು ಕಥೆಯೊಳಗಿನ ಕಾಲದ ಗತಿಯನ್ನೇ ರೂಪಿಸುತ್ತವೆ. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ‘ವಾಚ್‌ಮೆನ್’ (1986–87) ಕೃತಿಯ ಪುಟಗಳಿಗೆ 9 ಚೌಕಟ್ಟುಗಳ ಜಾಲವೇ ಆಧಾರವಾಗಿದ್ದು, ಅದರ 5ನೆಯ ಸಂಚಿಕೆಯಲ್ಲಿ ಮೊದಲ ಪುಟದ ವಿನ್ಯಾಸಕ್ಕೆ ಕೊನೆಯ ಪುಟ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು ಎಂಬ ಕ್ರಮದಲ್ಲಿ ಪುಟಗಳು ಪರಸ್ಪರ ಪ್ರತಿಬಿಂಬಿಸುತ್ತವೆ. ಕೊಲೆಗಾರ ಯಾರು, ಕಥೆಯ ಪಾತ್ರವಾದ ರೋರ್‌ಶಾಕ್‌ನ ನಿಲುವು ಸರಿಯೇ ಎಂಬ ಪ್ರಶ್ನೆಗಳಲ್ಲೇ ಮುಳುಗಿ ಈ ರಚನೆಯನ್ನು ಗಮನಿಸದ ವಿಮರ್ಶೆ, ಅದೇ ಕಥೆಯನ್ನು ಕಾದಂಬರಿಯಾಗಿ ಬರೆದಿದ್ದರೂ ಅಕ್ಷರ ಬದಲಿಸದೆ ಸಲ್ಲುತ್ತಿತ್ತು.

ಕರ್ತೃತ್ವದ ತಪ್ಪು ಗ್ರಹಿಕೆಯೂ ಚಿತ್ರವನ್ನು ಕಡೆಗಣಿಸುವ ಇದೇ ರೂಢಿಯಿಂದ ಹುಟ್ಟಿದ್ದು. 1960ರ ದಶಕದ ‘ಮಾರ್ವೆಲ್ ವಿಧಾನ’ದಲ್ಲಿ ಲೇಖಕ ಸ್ಥೂಲ ಕಥಾಹಂದರವನ್ನಷ್ಟೇ ಒದಗಿಸಿ, ಕಲಾವಿದ ಅದನ್ನು ದೃಶ್ಯಗಳಾಗಿ ವಿಂಗಡಿಸಿ ಚಿತ್ರಿಸಿದ ಬಳಿಕ ಸಂಭಾಷಣೆ ಸೇರಿಸಲಾಗುತ್ತಿತ್ತು, ಆದ್ದರಿಂದ ‘ಫೆಂಟಾಸ್ಟಿಕ್ ಫೋರ್’ನ ನಿರೂಪಣೆಯ ಶ್ರೇಯಸ್ಸೆಲ್ಲ ಲೇಖಕ ಸ್ಟ್ಯಾನ್ ಲೀ ಅವರದೆಂದರೆ ಕಲಾವಿದ ಜ್ಯಾಕ್ ಕರ್ಬಿಯವರ ಪಾಲು ಮರೆಯಾಗುತ್ತದೆ. ಕಾರ್ಕಳ ಮೂಲದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯನ್ನು ನೆನೆಯುವವರು ಪೈ ಅವರನ್ನು ಹೆಸರಿಸಿ, ರಾಮ್ ವಾಯೀರ್ಕರ್, ಪ್ರತಾಪ್ ಮುಳಿಕ್‌ರಂಥ ಕಲಾವಿದರನ್ನು ಮರೆತರೆ ಆಗುವುದೂ ಅದೇ. ಇವುಗಳಿಗೆ ಹೋಲಿಸಿದರೆ, ಅಭಿಮಾನಿ ವಿಮರ್ಶೆಗಳಲ್ಲಿ ಕಾಣುವ ಹಳೆಯ ಸಂಚಿಕೆಗಳೊಡನೆ ತಾಳೆಯಾಗದ ವಿವರಗಳ ಪಟ್ಟಿ, ಹತ್ತಕ್ಕೆ ಇಷ್ಟೆಂಬ ಅಂಕ ಮುಂತಾದವು ರೇಜಿಗೆ ಹುಟ್ಟಿಸಿದರೂ ಅಷ್ಟು ಹಾನಿಕರವಲ್ಲ.

ಅಭಿಮಾನವೇ ಈ ದೋಷಗಳಿಗೆ ಕಾರಣವೆಂಬ ವಾದ ಮಾತ್ರ ನಿಲ್ಲುವುದಿಲ್ಲ. ಬರ್ನಾರ್ಡ್ ಕ್ರಿಗ್‌ಸ್ಟೀನ್ 1955ರಲ್ಲಿ ಚಿತ್ರಿಸಿದ, ಕೇವಲ 8 ಪುಟಗಳ ‘ಮಾಸ್ಟರ್ ರೇಸ್’ ಕಥೆಯನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದ, ಜಾನ್ ಬೆನ್ಸನ್, ಡೇವಿಡ್ ಕಸಕೋವ್ ಮತ್ತು ಆರ್ಟ್ ಸ್ಪೀಗೆಲ್‌ಮನ್ ಜಂಟಿಯಾಗಿ ಬರೆದ ಪ್ರಬಂಧ 1975ರಲ್ಲಿ ಪ್ರಕಟವಾದದ್ದು ‘ಸ್ಕ್ವಾ ಟ್ರಾಂಟ್’ ಎಂಬ ಅಭಿಮಾನಿ ಪತ್ರಿಕೆಯಲ್ಲಿಯೇ.