ಇಂಗ್ಲೆಂಡ್–ಆಸ್ಟ್ರೇಲಿಯ ವಾಯುಮಾರ್ಗ: ದೂರ ಮತ್ತು ಕಾಲ

ಎರಡು ವಿಮಾನನಿಲ್ದಾಣಗಳ ನಡುವಣ ಅತ್ಯಂತ ಕಡಮೆಯ ದೂರವು ಭೂಮಿಯ ಗೋಳಾಕಾರದಿಂದಲೇ ನಿರ್ಧಾರವಾದುದು, ಅದು ಬದಲಾಗದು. ಅದನ್ನು ಕ್ರಮಿಸಲು ಬೇಕಾದ ಕಾಲವಾದರೋ ಬದಲಾಗುತ್ತಲೇ ಬಂದಿದೆ. ಈ ಬದಲಾವಣೆಗೆ ಯಂತ್ರಗಳ ಸುಧಾರಣೆಯೊಂದೇ ಕಾರಣವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳ ನಡುವಣ ವಾಯುಮಾರ್ಗದ ಇತಿಹಾಸವನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ಅಪೂರ್ಣವೆಂಬುದು ವ್ಯಕ್ತವಾಗುತ್ತದೆ.

1919ರ ನವೆಂಬರ್ 12ರಂದು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸೋದರರು ಇಬ್ಬರು ಯಂತ್ರಕುಶಲರೊಡನೆ ಲಂಡನ್ನಿನ ಬಳಿಯಿಂದ ಹೊರಟು, ಡಿಸೆಂಬರ್ 10ರಂದು ಡಾರ್ವಿನ್ ನಗರವನ್ನು ಸೇರಿದರು. 28 ದಿನಗಳ ಈ ಪ್ರಯಾಣದಲ್ಲಿ ಅವರು ಆಕಾಶದಲ್ಲಿದ್ದುದು ಸುಮಾರು 135 ಗಂಟೆಗಳು ಮಾತ್ರ. ಉಳಿದ ಕಾಲವೆಲ್ಲ ನೆಲದ ಮೇಲೆಯೇ ಕಳೆಯಿತು. ಜಾವಾದ ಸುರಬಾಯದಲ್ಲಿ ಕೆಸರಿನಲ್ಲಿ ಹೂತ ವಿಮಾನವನ್ನು ಮೇಲೇರಿಸಲು ಬಿದಿರಿನ ಚಾಪೆಗಳನ್ನು ಹಾಸಬೇಕಾಯಿತು. ದೂರವನ್ನು ಗೆಲ್ಲಲು ಯಂತ್ರದಷ್ಟೇ ನಿಲ್ದಾಣಗಳೂ ಅವಶ್ಯಕವೆಂಬುದು ಇದರಿಂದ ಸಿದ್ಧವಾಯಿತು.

ಮುಂದೆ ಕ್ರಮಬದ್ಧವಾದ ವಿಮಾನಸಂಚಾರವು ಏರ್ಪಟ್ಟಾಗ ಸಿಂಗಪುರವು ಈ ಮಾರ್ಗದ ಮುಖ್ಯ ಕೊಂಡಿಯಾಯಿತು. 1942ರ ಫೆಬ್ರವರಿ 15ರಂದು ಆ ನಗರವು ಜಪಾನೀಯರ ವಶವಾಯಿತು, ಮಾರ್ಗವೂ ಕಡಿದುಹೋಯಿತು. ಆಗ ಕ್ವಾಂಟಾಸ್ ಸಂಸ್ಥೆಯು ನೀರಿನ ಮೇಲಿಳಿಯಬಲ್ಲ ಕ್ಯಾಟಲೀನ ವಿಮಾನಗಳನ್ನು ಪರ್ತ್ ನಗರದಿಂದ ಸಿಂಹಳದ ಕೊಗ್ಗಲ ಸರೋವರಕ್ಕೆ, ಸುಮಾರು 3,500 ಮೈಲಿಗಳ ದೂರ, ನಡುವೆ ಎಲ್ಲಿಯೂ ಇಳಿಸದೆ ನಡೆಸಿತು. 1943ರಿಂದ 1945ರವರೆಗೆ ಈ ಸಂಚಾರವು ನಡೆಯಿತು. ಶತ್ರುವಿಗೆ ಸುಳಿವು ಸಿಗದಂತೆ ರೇಡಿಯೋ ಸಂಪರ್ಕವನ್ನು ತೊರೆದು, ನಕ್ಷತ್ರಗಳ ನೆರವಿನಿಂದ ದಿಕ್ಕನ್ನು ಗುರುತಿಸಬೇಕಾಗಿದ್ದಿತು. ಇಂಧನದ ಭಾರದಿಂದಾಗಿ ಮೂವರಿಗಿಂತ ಹೆಚ್ಚು ಪ್ರಯಾಣಿಕರಿಗೆ ಅವಕಾಶವಿರಲಿಲ್ಲ. ಒಮ್ಮೊಮ್ಮೆ 30 ಗಂಟೆಗಳನ್ನೂ ಮೀರುತ್ತಿದ್ದ ಈ ಯಾನದಲ್ಲಿ ಪ್ರಯಾಣಿಕರು ಎರಡು ಸೂರ್ಯೋದಯಗಳನ್ನು ಕಾಣುತ್ತಿದ್ದುದರಿಂದ ಅದಕ್ಕೆ ‘ಎರಡು ಸೂರ್ಯೋದಯಗಳ ಯಾನ’ವೆಂಬ ಹೆಸರು ಬಂದಿತು. ಕ್ಯಾಟಲೀನ ವೇಗದ ವಿಮಾನವಲ್ಲ. ಈ ದೀರ್ಘಯಾನಕ್ಕೆ ಪ್ರೇರಕವಾದುದು ಯುದ್ಧವೇ ಹೊರತು ವೇಗದ ಪ್ರಗತಿಯಲ್ಲ.

ಯುದ್ಧಾನಂತರ, 1947ರ ಡಿಸೆಂಬರ್ 1ರಂದು, ಸಿಡ್ನಿಯಿಂದ ಹೊರಟ ಕಾನ್‌ಸ್ಟೆಲೇಷನ್ ವಿಮಾನವು ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ ಮೊದಲಾದೆಡೆಗಳಲ್ಲಿ ಇಳಿಯುತ್ತ ನಾಲ್ಕು ದಿನಗಳಲ್ಲಿ ಲಂಡನ್ ತಲಪಿತು. 2018ರ ಮಾರ್ಚ್‌ನಲ್ಲಿ ಪರ್ತ್–ಲಂಡನ್ ನೇರ ಯಾನವು ಆರಂಭವಾದಾಗ ಸುಮಾರು 9,000 ಮೈಲಿಗಳ ದೂರಕ್ಕೆ 17 ಗಂಟೆಗಳಷ್ಟು ಕಾಲ ಸಾಕಾಯಿತು.

ಆದರೆ 2024ರ ಏಪ್ರಿಲ್‌ನಲ್ಲಿ ಪಶ್ಚಿಮ ಏಷ್ಯದಲ್ಲಿ ಕ್ಷೋಭೆಯುಂಟಾಗಿ ಇರಾನಿನ ಆಕಾಶವನ್ನು ವರ್ಜಿಸಬೇಕಾಗಿ ಬಂದಾಗ, ಲಂಡನ್ನಿಗೆ ಹೊರಟ ವಿಮಾನಗಳಿಗೆ ಸುತ್ತುದಾರಿಗೆ ಬೇಕಾದ ಇಂಧನವನ್ನು ಒಂದೇ ಬಾರಿಗೆ ಹೊರುವುದು ಸಾಧ್ಯವಾಗಲಿಲ್ಲ. ಅವು ಇಂಧನಕ್ಕಾಗಿ ಮತ್ತೆ ಸಿಂಗಪುರದಲ್ಲಿ ಇಳಿದವು. 1942ರಲ್ಲಿ ಸಿಂಗಪುರವು ಕೈತಪ್ಪಿದುದರಿಂದ ನಡುವೆ ಇಳಿಯದ ಯಾನವು ಅನಿವಾರ್ಯವಾಯಿತು. 2024ರಲ್ಲಿ ಅಂತಹ ಯಾನವು ಅಸಾಧ್ಯವಾದುದರಿಂದ ಸಿಂಗಪುರವೇ ಆಶ್ರಯವಾಯಿತು. ಆದುದರಿಂದ ಪ್ರಯಾಣಕಾಲವನ್ನು ಯಂತ್ರದ ವೇಗದಿಂದ ಮಾತ್ರ ಅಳೆಯುವುದು ಸಾಲದು. ದಾರಿಯಲ್ಲಿರುವ ರಾಷ್ಟ್ರಗಳ ಶಾಂತಿ ಹಾಗೂ ಅವುಗಳ ಆಕಾಶದಲ್ಲಿ ನಿರ್ಭಯವಾಗಿ ಸಾಗುವ ಅವಕಾಶ ಇವೆರಡನ್ನೂ ಆ ಲೆಕ್ಕದಲ್ಲಿ ಸೇರಿಸಬೇಕಾಗುತ್ತದೆ.